ಬಾಲಿಕೆಯರೂ ಒಗಟಿನ ಆಟದ ರಚನೆಯೂ

ಶಾಲೆಯ ಸ್ಮರಣ ಸಂಚಿಕೆಯಲ್ಲಿ ಆಟವೆಂಬ ಮಾತನ್ನೆತ್ತಿದೊಡನೆ ವಾಚಕರ ಮನಸ್ಸು ಆಟದ ಬಯಲಿನ ಕಡೆಗೂ ವಾರ್ಷಿಕೋತ್ಸವದ ಬಹುಮಾನಗಳ ಕಡೆಗೂ ಹರಿಯುವುದು ಸಹಜ. ನಾವು ಈ ಸಲ ಪ್ರಸ್ತಾಪಿಸಬೇಕೆಂದಿರುವ ಆಟವಾದರೋ ಕಂಪ್ಯೂಟರಿನ ಪರದೆಯ ಮೇಲೆ ನಡೆಯತಕ್ಕದ್ದು. ಈ ಹೆಸರನ್ನು ಕೇಳುತ್ತಲೇ ಅನೇಕ ತಂದೆತಾಯಿಗಳು ಹುಬ್ಬು ಗಂಟಿಕ್ಕುವರೆಂಬುದನ್ನು ನಾವು ಬಲ್ಲೆವು. ಆದರೂ ನಮ್ಮ ಅಭಿಪ್ರಾಯವನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುವುದು ಲೇಸು: ನಮ್ಮ ಎಂಟನೆಯ ಮತ್ತು ಒಂಬತ್ತನೆಯ ತರಗತಿಯ ಬಾಲಿಕೆಯರು ವರುಷಕ್ಕೊಂದು ಸಣ್ಣ ಒಗಟಿನ ಆಟವನ್ನು ತಾವೇ ಕಟ್ಟಬೇಕು; ಅದು ಕನ್ನಡದಲ್ಲಿರಬೇಕು; ತಮ್ಮ ಊರಿನದಾಗಿರಬೇಕು; ಮತ್ತು ಮುಗಿದಿರಬೇಕು. ಇದರಿಂದ ಆಗತಕ್ಕ ಪ್ರಯೋಜನವೇನು, ಇದಕ್ಕೆ ಬರತಕ್ಕ ಆಕ್ಷೇಪಗಳೇನು ಎಂಬುದನ್ನು ಕ್ರಮವಾಗಿ ವಿಚಾರಿಸೋಣ.

ಮೊದಲು ಆ ಆಟದ ಸ್ವರೂಪವನ್ನು ತಿಳಿಯೋಣ. ಪರದೆಯ ಮೇಲೆ ಒಂದು ಮನೆಯ ಚಿತ್ರವಿರುವುದು. ಬಾಗಿಲು, ಗೂಡು, ಪೆಟ್ಟಿಗೆ, ಗೋಡೆಯ ಮೇಲಣ ಪಂಚಾಂಗ ಇವುಗಳಲ್ಲಿ ಯಾವುದರ ಮೇಲಾದರೂ ಮೌಸನ್ನೋ ಬೆರಳನ್ನೋ ಇಟ್ಟು ಒತ್ತಿದರೆ ಅದು ಏನನ್ನಾದರೂ ತಿಳಿಸುವುದು, ಇಲ್ಲವೆ ಕೈಗೆ ಬರುವುದು, ಇಲ್ಲವೆ ತೆರೆಯದೆ ನಿಲ್ಲುವುದು. ತೆರೆಯದ ಬೀಗಕ್ಕೆ ಬೇಕಾದ ಸುಳಿವು ಬೇರೊಂದು ಕೋಣೆಯಲ್ಲಿರುವುದು. ಆಡುವವಳು ನೋಡಿ, ಜ್ಞಾಪಕದಲ್ಲಿಟ್ಟುಕೊಂಡು, ಕೂಡಿಸಿ, ಕಳೆದು, ಕೊನೆಗೆ ದಾರಿಯನ್ನು ಕಾಣುವಳು. ಅವಸರವಿಲ್ಲ, ಗುಂಡು ಹಾರಿಸುವುದಿಲ್ಲ, ಎದುರಾಳಿಯಿಲ್ಲ, ಪಣವಿಲ್ಲ. ಪಾಯಿಂಟ್ ಅಂಡ್ ಕ್ಲಿಕ್ ಸಾಹಸದ ಆಟವೆಂದು ಇದಕ್ಕೆ ಹೆಸರು. ಒಗಟನ್ನು ಬಿಡಿಸಿ ಬಾಗಿಲನ್ನು ತೆರೆಯುವ ಕಥೆಯೆಂದು ತಿಳಿದರೆ ಸಾಕು.

ಇದು ನಮಗೆ ತೀರ ಹೊಸದಲ್ಲ. ಚೌಕಾಬಾರ, ಅಳಿಗುಳಿಮಣೆ, ಹುಲಿಕುರಿಯಾಟ ಇವು ಯಾವ ಮನೆಯ ಜಗಲಿಯಲ್ಲಿ ನಡೆಯಲಿಲ್ಲ? ಹುಲಿ, ಮೇಕೆ, ಹುಲ್ಲಿನ ಹೊರೆ ಇವುಗಳನ್ನು ಒಂದೊಂದಾಗಿ ಹೊಳೆ ದಾಟಿಸುವ ಸಮಸ್ಯೆಯನ್ನು ಯಾವ ಅಜ್ಜಿ ಮೊಮ್ಮಕ್ಕಳ ಮುಂದಿಡಲಿಲ್ಲ? ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕೂ ತಾಲ್ಲೂಕುಗಳಲ್ಲಿ ಕನ್ನಡದ ಒಗಟುಗಳ ಜೊತೆಗೆ ತೆಲುಗಿನ ಪೊಡುಪುಕಥೆಗಳೂ ಮನೆಮಾತಾಗಿರುವುವು. ಅರಸರೂ ಇದನ್ನು ಕೀಳೆಂದೆಣಿಸಲಿಲ್ಲ. 1868ರಲ್ಲಿ ಕಾಲವಾದ ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯಾಟಗಳನ್ನು ಅಭ್ಯಾಸಮಾಡಿ ಹೊಸವನ್ನು ಕಲ್ಪಿಸಿದವರು. ಅವರ ಹೆಸರಿನ ಶ್ರೀತತ್ತ್ವನಿಧಿಯೆಂಬ ಗ್ರಂಥದಲ್ಲಿ ಕೌತುಕನಿಧಿಯೆಂಬ ಒಂದು ಭಾಗವೇ ಆಟಗಳಿಗೆ ಮೀಸಲಾಗಿದೆ. ಬೆಂಗಳೂರಿನಲ್ಲಿ 1929ರಲ್ಲಿ ಜನಿಸಿದ ಶಕುಂತಲಾದೇವಿಯವರು ಲೆಕ್ಕದ ಚಮತ್ಕಾರದಿಂದ ಲೋಕಪ್ರಸಿದ್ಧರಾದುದಲ್ಲದೆ ಒಗಟುಗಳ ಪುಸ್ತಕಗಳನ್ನೂ ಬರೆದರು. ಹೀಗಿರಲು, ಬುದ್ಧಿಗೆ ಕಸರತ್ತು ಕೊಡುವ ಆಟವು ನಮ್ಮ ಸಂಪ್ರದಾಯಕ್ಕೆ ಹೊರಗೆಂದು ಯಾರೂ ಹೇಳಲಾರರು.

ಕಂಪ್ಯೂಟರಿನಲ್ಲಿ ಈ ಬಗೆಯ ಆಟವು ಬೆಳೆದುಬಂದ ಚರಿತ್ರೆಯಲ್ಲಿ ನಮ್ಮ ಬಾಲಿಕೆಯರು ಅವಶ್ಯವಾಗಿ ತಿಳಿಯಬೇಕಾದ ಸಂಗತಿಯೊಂದುಂಟು. 1976-77ರ ಸುಮಾರಿನಲ್ಲಿ ಅಮೆರಿಕೆಯಲ್ಲಿ ಗವಿಯೊಂದನ್ನು ಶೋಧಿಸುವ ಆಟವು ಹುಟ್ಟಿತು. ಅದರಲ್ಲಿ ಚಿತ್ರಗಳಿರಲಿಲ್ಲ, ಬರೀ ಮಾತುಗಳಿದ್ದುವು. ರೋಬರ್ಟಾ ವಿಲಿಯಮ್ಸ್ ಎಂಬ ಗೃಹಿಣಿಯು, ಎರಡು ಮಕ್ಕಳ ತಾಯಿ, ಅದನ್ನಾಡಿ ಮುಗಿಸಿ, ಇದಕ್ಕೆ ಚಿತ್ರಗಳಿದ್ದರೆ ಹೇಗಿರಬಹುದೆಂದು ಯೋಚಿಸಿದಳು. ಅಡಿಗೆಮನೆಯ ಮೇಜಿನ ಬಳಿ ಕುಳಿತು ಮನೆಯೊಂದರ ನಕ್ಷೆಯನ್ನೂ ಅದರೊಳಗಣ ರಹಸ್ಯವನ್ನೂ ಕಾಗದದ ಮೇಲೆ ಬರೆದಳು. ಗಂಡನಾದ ಕೆನ್ ವಿಲಿಯಮ್ಸ್ ಅದಕ್ಕೆ ಬೇಕಾದ ಪ್ರೋಗ್ರಾಮನ್ನು ಬರೆದನು. 1980ರಲ್ಲಿ ಹೊರಬಂದ ಆ ಆಟದ ಹೆಸರು ಮಿಸ್ಟರಿ ಹೌಸ್. ಸಾಹಸದ ಆಟಕ್ಕೆ ಚಿತ್ರವನ್ನು ತಂದ ಕೀರ್ತಿ ಅದಕ್ಕೆ ಸಲ್ಲುತ್ತದೆ. ಅದಾದ ಮೇಲೆ 1984ರಲ್ಲಿ ಆಕೆಯೇ ರಚಿಸಿದ ಕಿಂಗ್ಸ್ ಕ್ವೆಸ್ಟ್ ಬಂದಿತು. 1987ರಲ್ಲಿ ರಾನ್ ಗಿಲ್ಬರ್ಟ್ ಮತ್ತು ಗ್ಯಾರಿ ವಿನಿಕ್ ಎಂಬವರ ಮ್ಯಾನಿಯಾಕ್ ಮ್ಯಾನ್ಷನ್ ಬಂದಿತು. 1993ರಲ್ಲಿ ಮಿಲ್ಲರ್ ಸಹೋದರರ ಮಿಸ್ಟ್ ಬಂದಿತು. ಇಷ್ಟು ದೊಡ್ಡ ಮರದ ಬೇರು ಅಡಿಗೆಮನೆಯ ಮೇಜಿನ ಮೇಲಿನ ಕಾಗದದಲ್ಲಿತ್ತೆಂಬುದನ್ನು ನಮ್ಮ ವಾಚಕರು ಮರೆಯಬಾರದು.

ಇನ್ನು, ಬಾಲಿಕೆಯು ಅಂಥ ಆಟವನ್ನು ಕಟ್ಟುವಾಗ ಏನು ಕಲಿಯುವಳೆಂಬುದನ್ನು ಒಂದು ದೃಷ್ಟಾಂತದಿಂದ ತೋರಿಸುವೆವು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯು ರಾಜ್ಯದ ದೊಡ್ಡ ಮಾರುಕಟ್ಟೆಗಳಲ್ಲೊಂದು. ಆ ತಾಲ್ಲೂಕಿನ ಬಾಲಿಕೆಯೊಬ್ಬಳು ತನ್ನ ಆಟಕ್ಕೆ ಹುಳು ಸಾಕುವ ಮನೆಯನ್ನೇ ಆರಿಸಿಕೊಂಡಳೆಂದು ಭಾವಿಸೋಣ. ಕಥೆಯಿಷ್ಟೇ: ಬೆಳಗಾಗುವುದರೊಳಗೆ ಅಪ್ಪನು ಗೂಡನ್ನು ಮಾರುಕಟ್ಟೆಗೆ ಒಯ್ಯಬೇಕು. ಗೂಡಿರುವ ಕೋಣೆಗೆ ಅಂಕಿಯ ಬೀಗ ಹಾಕಿದೆ. ಒಳಗೆ ಮೂರು ಬುಟ್ಟಿಗಳಿವೆ. ಒಂದರಲ್ಲಿ ಮಿಶ್ರತಳಿಯ ಹಳದಿ ಗೂಡು, ಒಂದರಲ್ಲಿ ದ್ವಿತಳಿಯ ಬಿಳಿ ಗೂಡು, ಮತ್ತೊಂದರಲ್ಲಿ ಎರಡೂ ಬೆರೆತಿವೆ. ತುಂಟನಾದ ತಮ್ಮನು ಚೀಟಿಗಳನ್ನು ಅದಲುಬದಲು ಮಾಡಿ, ಒಂದು ಚೀಟಿಯೂ ಸರಿಯಾದ ಬುಟ್ಟಿಯ ಮೇಲಿರದಂತೆ ಮಾಡಿದ್ದಾನೆ. ಬುಟ್ಟಿಗಳ ಬಾಯಿ ಹೊಲಿದಿದೆ. ಒಂದೇ ಬುಟ್ಟಿಯಿಂದ ಒಂದೇ ಗೂಡನ್ನು ಹೊರತೆಗೆದು ನೋಡಬಹುದು. ಯಾವ ಬುಟ್ಟಿಗೆ ಕೈಯಿಡಬೇಕು?

ಹಳದಿಯೆಂದು ಬರೆದ ಬುಟ್ಟಿಯಿಂದ ಬಿಳಿಯ ಗೂಡು ಬಂದರೆ ಅದು ಬಿಳಿಯದೋ ಬೆರಕೆಯದೋ ತಿಳಿಯದು. ಆದರೆ ಬೆರಕೆಯೆಂದು ಬರೆದ ಬುಟ್ಟಿಯಲ್ಲಿ ಬೆರಕೆ ಇರಲಾರದು. ಏಕೆಂದರೆ ಎಲ್ಲ ಚೀಟಿಗಳೂ ತಪ್ಪು. ಅದರಿಂದ ಹಳದಿಯ ಗೂಡು ಬಂದಿತೋ, ಆ ಬುಟ್ಟಿಯೆಲ್ಲ ಹಳದಿಯೇ. ಆಗ ಬಿಳಿಯೆಂದು ಬರೆದುದರಲ್ಲಿ ಬಿಳಿಯೂ ಇರಲಾರದು, ಹಳದಿಯೂ ಇರಲಾರದು, ಅದು ಬೆರಕೆ. ಉಳಿದುದು ಬಿಳಿ. ಒಂದೇ ಒಂದು ಗೂಡಿನಿಂದ ಮೂರು ಬುಟ್ಟಿಗಳ ಗುಟ್ಟೂ ಹೊರಬೀಳುವುದು. ಒಗಟಿನ ಸ್ವಾರಸ್ಯವಿರುವುದು ಇಲ್ಲಿಯೇ.

ಈ ಒಗಟು ಹಳೆಯದು. ಬುಟ್ಟಿಯೂ ಗೂಡೂ ಮಾತ್ರ ಶಿಡ್ಲಘಟ್ಟದವು. ಬಿಡಿಸುವವಳಿಗೆ ಇದರಿಂದ ಆನಂದವಾಗುವುದು ನಿಜ. ಆದರೆ ಕಟ್ಟುವವಳಿಗೆ ಇದರಿಂದಾಗುವ ಶಿಕ್ಷಣವು ಇನ್ನೂ ದೊಡ್ಡದು. ಒಂದು ಚೀಟಿಯೂ ಸರಿಯಾಗಿಲ್ಲವೆಂಬ ಒಂದೇ ವಾಕ್ಯವನ್ನು ಅವಳು ತಮ್ಮನ ಬಾಯಲ್ಲಿ ಹೇಳಿಸಲು ಮರೆತರೆ ಇಡೀ ಒಗಟು ಕುಸಿದುಬೀಳುವುದು. ಅವಳಿಗೆ ಉತ್ತರ ಗೊತ್ತು. ಆದುದರಿಂದಲೇ ಆ ವಾಕ್ಯವಿಲ್ಲದುದು ಅವಳ ಕಣ್ಣಿಗೆ ಬೀಳದು. ಕೋಣೆಯ ಬೀಗದ ವಿಷಯವೂ ಹಾಗೆಯೇ. ಬೀಗಕ್ಕೆ ಮೂರು ಅಂಕಿಗಳೆಂದಿಟ್ಟುಕೊಳ್ಳೋಣ: ಹುಳುವಿಗೆ ಬರುವ ಜ್ವರಗಳೆಷ್ಟು, ಅದು ಕಳೆಯುವ ವಯಸ್ಸುಗಳೆಷ್ಟು, ಗೋಡೆಗೆ ಒರಗಿಸಿದ ಚಂದ್ರಿಕೆಗಳೆಷ್ಟು. ಹುಳು ನಾಲ್ಕು ಜ್ವರಗಳನ್ನು ಕಳೆದು, ಐದನೆಯ ವಯಸ್ಸಿನಲ್ಲಿ ಹಣ್ಣಾಗಿ, ಚಂದ್ರಿಕೆಯನ್ನೇರಿ ಗೂಡು ಕಟ್ಟುವುದೆಂಬುದನ್ನು ಶಿಡ್ಲಘಟ್ಟದ ಮಗು ತೊಟ್ಟಿಲಲ್ಲೇ ಕಲಿತಿರುವುದು. ಆದರೆ ಜ್ವರವೆಂದರೆ ಹುಳು ಮೇವು ಬಿಟ್ಟು ಪೊರೆ ಕಳಚುವ ಕಾಲವೆಂಬುದು ಮಂಗಳೂರಿನ ಹುಡುಗಿಗೆ ಹೇಗೆ ತಿಳಿಯಬೇಕು? ಆದುದರಿಂದ ಅಜ್ಜಿಯ ಮಾತಿನಲ್ಲಿ ಒಂದು ಸುಳಿವು, ಪಂಚಾಂಗದ ಮೇಲೆ ನಾಲ್ಕು ಗುರುತುಗಳು, ತಟ್ಟೆಯ ಪಕ್ಕದಲ್ಲಿ ಐದು ಚಿತ್ರಗಳು ಇವನ್ನು ಅವಳು ಇಡಲೇಬೇಕಾಗುವುದು. ಬೀಗಕ್ಕೆ ಅಂಕಿ ಒಂದೇ ಆಗಿದ್ದರೆ ಯೋಚಿಸದೆ ಹತ್ತು ಸಲ ತಿರುವಿ ತೆರೆದುಬಿಡಬಹುದು; ಮೂರಾದರೆ ಸಾವಿರ ಸಲ ತಿರುವಬೇಕು; ಆಗ ಯೋಚಿಸುವುದೇ ಸುಲಭವಾಗುವುದು. ಇದೂ ಅವಳು ಲೆಕ್ಕಮಾಡಿ ಕಂಡುಕೊಳ್ಳತಕ್ಕ ವಿಷಯ.

ತನಗೆ ತಿಳಿದುದು ಇನ್ನೊಬ್ಬರಿಗೆ ತಿಳಿಯದಿರಬಹುದೆಂಬ ಅರಿವು, ಅವರ ಜಾಗದಲ್ಲಿ ನಿಂತು ನೋಡುವ ಅಭ್ಯಾಸ, ಅವರಿಗೆ ಬೇಕಾದುದನ್ನು ಹೇಳಿ ಬೇಡದುದನ್ನು ಬಿಡುವ ವಿವೇಕ: ಒಗಟಿನ ಆಟವನ್ನು ಕಟ್ಟುವುದರಿಂದ ಬರತಕ್ಕ ಮುಖ್ಯ ಫಲವೆಂದು ನಾವು ಎಣಿಸುವುದು ಇದನ್ನೇ. ಉಪಾಧ್ಯಾಯಿನಿಗೂ, ದಾದಿಗೂ, ವಕೀಲಳಿಗೂ, ತಾಯಿಗೂ ಇದಕ್ಕಿಂತ ಹೆಚ್ಚಾಗಿ ಬೇಕಾದ ಗುಣ ಯಾವುದು? ತರ್ಕವೆಂಬುದು ಲೆಕ್ಕದ ಪುಸ್ತಕದಲ್ಲಿ ಮಾತ್ರ ಇರತಕ್ಕ ಒಣ ವಸ್ತುವೆಂಬ ಭ್ರಮೆಯೂ ಇದರಿಂದ ಹರಿಯುವುದು.

ಒಗಟು ಕಠಿನವಾಗಿರುವುದು ಬೇರೆ, ಅನ್ಯಾಯವಾಗಿರುವುದು ಬೇರೆ. ದೊಡ್ಡ ದೊಡ್ಡ ಕಂಪನಿಗಳೂ ಇದರಲ್ಲಿ ಎಡವಿರುವುವು. 1999ರಲ್ಲಿ ಪ್ರಕಟವಾದ ಗೇಬ್ರಿಯಲ್ ನೈಟ್ ಎಂಬ ಆಟದ ಮೂರನೆಯ ಭಾಗದಲ್ಲಿ, ಕಥಾನಾಯಕನು ಒಂದು ಮೋಟಾರು ಬೈಸಿಕಲ್ಲನ್ನು ಬಾಡಿಗೆಗೆ ಪಡೆಯಲು ತನ್ನ ಸ್ನೇಹಿತನ ವೇಷ ಹಾಕಬೇಕಾಗುವುದು. ಅದಕ್ಕಾಗಿ ಬೆಕ್ಕಿನ ರೋಮವನ್ನು ಅಂಟುಪಟ್ಟಿಯಿಂದ ಕಿತ್ತು, ಸಿಹಿ ಪಾಕದಿಂದ ಮೀಸೆಯಾಗಿ ಅಂಟಿಸಿಕೊಳ್ಳಬೇಕು. ವಿನೋದವೇನೆಂದರೆ, ಆ ಸ್ನೇಹಿತನಿಗೆ ಮೀಸೆಯೇ ಇಲ್ಲ! ಅವನ ಪಾಸ್‌ಪೋರ್ಟಿನ ಚಿತ್ರಕ್ಕೂ ಮೀಸೆ ಬರೆಯಬೇಕು. ಇದನ್ನು ಯಾವ ತರ್ಕದಿಂದ ಯಾರು ಊಹಿಸಿಯಾರು? ಇಂಥ ದೋಷಗಳನ್ನು ಹತ್ತು ವರುಷ ಮೊದಲೇ, 1989ರಲ್ಲಿ, ಮೇಲೆ ಹೇಳಿದ ರಾನ್ ಗಿಲ್ಬರ್ಟ್ ಒಂದು ಲೇಖನದಲ್ಲಿ ವಿಮರ್ಶಿಸಿದ್ದನು. ಬೀಗವು ಕಣ್ಣಿಗೆ ಬೀಳುವ ಮೊದಲೇ ಬೀಗದ ಕೈ ಸಿಕ್ಕಬಾರದು. ಎಲ್ಲಿಯೋ ಒಂದು ವಸ್ತುವನ್ನು ಎತ್ತಿಕೊಳ್ಳಲು ಮರೆತುದಕ್ಕಾಗಿ ಆಡುವವರು ಮುಂದೆ ದಾರಿಯಿಲ್ಲದೆ ಸಿಕ್ಕಿಕೊಳ್ಳಬಾರದು. ಒಗಟಿಗೂ ಕಥೆಗೂ ಸಂಬಂಧವಿರಬೇಕು ಎಂಬುದು ಅವನ ವಾದದ ಸಾರ. ಈ ಮೂರು ಸೂತ್ರಗಳನ್ನು ತರಗತಿಯ ಗೋಡೆಯ ಮೇಲೆ ಬರೆದು ಅಂಟಿಸಿದರೆ ಸಾಕು. ಬೇರೆ ಪಠ್ಯಪುಸ್ತಕ ಬೇಡ.

ಆಟವು ಸಣ್ಣದಾಗಿರಬೇಕೆಂದು ನಾವು ಒತ್ತಿಹೇಳುವುದಕ್ಕೆ ಕಾರಣವುಂಟು. ಬೀಗ ತೆರೆದಿದೆಯೇ, ದೀಪ ಹೊತ್ತಿದೆಯೇ, ಅಜ್ಜಿಯೊಡನೆ ಮಾತಾಡಿಯಾಯಿತೇ ಎಂಬ ಮೂರು ಸಂಗತಿಗಳು ಹೌದು ಅಥವಾ ಇಲ್ಲವೆಂದಿದ್ದರೆ ಆಟಕ್ಕೆ 8 ಅವಸ್ಥೆಗಳಾಗುವುವು. ಅಂಥ ಸಂಗತಿಗಳು ಹತ್ತಾದರೆ ಅವಸ್ಥೆಗಳು 1024. ಇಪ್ಪತ್ತಾದರೆ ಹತ್ತು ಲಕ್ಷವನ್ನೂ ಮೀರುವುವು. ಅವುಗಳಲ್ಲಿ ಯಾವುದೋ ಒಂದರಲ್ಲಿ ಆಡುವವರು ಸಿಕ್ಕಿಕೊಳ್ಳದಂತೆ ನೋಡಿಕೊಳ್ಳುವುದು ಕಟ್ಟುವವಳ ಹೊಣೆ. ಐದು ನೋಟಗಳು, ಏಳೆಂಟು ವಸ್ತುಗಳು, ಮೂರು ಒಗಟುಗಳು: ಮೊದಲ ವರುಷಕ್ಕೆ ಇಷ್ಟೇ ಇರಲಿ. ಕಡಲಿನಷ್ಟು ಯೋಚಿಸಿ ಅರ್ಧಕ್ಕೆ ಬಿಟ್ಟ ಕೆಲಸಕ್ಕಿಂತ ಬೊಗಸೆಯಷ್ಟಾದರೂ ಮುಗಿದ ಕೆಲಸವು ಮೇಲು.

ಉಪಕರಣಗಳಿಗಾಗಿ ಹಣ ವೆಚ್ಚಮಾಡಬೇಕಾಗಿಲ್ಲ. ಮೊದಲು ಬೇಕಾದುದು ಕಾಗದ ಮತ್ತು ಸೀಸದಕಡ್ಡಿ. ಕೊನೆಯ ಬಾಗಿಲನ್ನು ಹಾಳೆಯ ತುದಿಯಲ್ಲಿ ಬರೆದು, ಅದು ತೆರೆಯಲು ಏನು ಬೇಕು, ಅದು ದೊರೆಯಲು ಮತ್ತೇನು ಬೇಕು ಎಂದು ಹಿಂದುಹಿಂದಕ್ಕೆ ಗೆರೆಯೆಳೆಯುತ್ತ ಬಂದರೆ ಆಟದ ವಂಶವೃಕ್ಷವೇ ಸಿದ್ಧವಾಗುವುದು. ಅನಂತರ ಉಚಿತವಾದ ಲಿಬ್ರೆ ಆಫೀಸಿನ ಸ್ಲೈಡುಗಳಲ್ಲಿ ಚಿತ್ರವನ್ನಿಟ್ಟು, ಬಾಗಿಲಿನ ಮೇಲೊಂದು ಕಾಣದ ಚೌಕವನ್ನೆಳೆದು, ಅದನ್ನು ಒತ್ತಿದರೆ ಇಂಥ ಸ್ಲೈಡಿಗೆ ಹೋಗಲೆಂದು ಗೊತ್ತುಮಾಡಬಹುದು. ಸ್ಲೈಡಿಗೆ ಜ್ಞಾಪಕಶಕ್ತಿಯಿಲ್ಲವಾದುದರಿಂದ ಬೀಗ ಹಾಕಿದ ಕೋಣೆಗೊಂದು, ತೆರೆದ ಕೋಣೆಗೊಂದು ಸ್ಲೈಡು ಬೇಕಾಗುವುದು. ಅವಸ್ಥೆಗಳೆಂದರೇನೆಂಬುದು ಆಗಲೇ ಬಾಲಿಕೆಗೆ ಮನದಟ್ಟಾಗುವುದು. ಮುಂದೆ ಬೇಕೆನಿಸಿದರೆ ಅಮೆರಿಕೆಯ ಎಂ.ಐ.ಟಿ. ಸಂಸ್ಥೆಯು 2007ರಲ್ಲಿ ಮಕ್ಕಳಿಗಾಗಿ ಹೊರತಂದ ಸ್ಕ್ರ್ಯಾಚ್, ಕ್ರಿಸ್ ಕ್ಲೈಮಸ್ ಎಂಬಾತನು 2009ರಲ್ಲಿ ಹಂಚಿದ ಟ್ವೈನ್ ಇವುಗಳೂ ಬೆಲೆಯಿಲ್ಲದೆ ದೊರೆಯುವುವು. ಅಕ್ಷರಗಳನ್ನು ಯೂನಿಕೋಡಿನಲ್ಲಿ ಬರೆಯತಕ್ಕದ್ದು. ಯಾವ ಉಪಕರಣವನ್ನು ಆರಿಸುವ ಮುನ್ನವೂ ಸ್ತ್ರೀ, ಜ್ಞಾನ, ಅರ್ಘ್ಯ ಎಂಬ ಮಾತುಗಳನ್ನು ಬರೆದು, ಒತ್ತಕ್ಷರಗಳು ಒಡೆಯದೆ ಕಾಣಿಸುವುವೋ ಎಂದು ಪರೀಕ್ಷಿಸಬೇಕು. ಚಿತ್ರಗಳನ್ನು ಕೈಯಿಂದಲೇ ಬರೆದು ಫೋನಿನಿಂದ ತೆಗೆದುಕೊಂಡರಾಯಿತು.

ಊರೂರಿಗೂ ವಸ್ತುವಿನ ಬರವಿಲ್ಲ. ಚಿಕ್ಕಬಳ್ಳಾಪುರದ ಬಾಲಿಕೆಗೆ ಮುದ್ದೇನಹಳ್ಳಿಯು ಹತ್ತಿರ. ನೀರು ಒಂದು ಮಟ್ಟಕ್ಕೇರಿದರೆ ತಾನಾಗಿ ತೆರೆಯುವ ಬಾಗಿಲುಗಳನ್ನು ವಿಶ್ವೇಶ್ವರಯ್ಯನವರು 1903ರಲ್ಲಿ ಪುಣೆಯ ಬಳಿಯ ಖಡಕ್ವಾಸ್ಲಾ ಜಲಾಶಯಕ್ಕೆ ಅಳವಡಿಸಿದರು. ಕೆರೆಯ ತೂಬಿನ ಒಗಟಿಗೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕೆ? ಚಿಂತಾಮಣಿಯವಳಿಗೆ ಕೈವಾರವುಂಟು, ಭೀಮನು ಬಕಾಸುರನನ್ನು ಕೊಂದ ಸ್ಥಳವೆಂಬ ಐತಿಹ್ಯದಲ್ಲಿ ಬಂಡಿಯ ಅನ್ನವೂ ಸರದಿಯ ಮನೆಗಳೂ ಇವೆ. ಕನ್ನಡ ತೆಲುಗುಗಳೆರಡರಲ್ಲೂ ಹಾಡಿದ ತಾತಯ್ಯನವರ ಊರಿನ ಆಟದಲ್ಲಿ ಅಜ್ಜಿಯು ತೆಲುಗಿನಲ್ಲಿ ಮಾತಾಡಿದರೆ ತಪ್ಪೇನು? ಗೌರಿಬಿದನೂರಿನವಳಿಗೆ ಸೂರ್ಯನಿಂದ ಬರುವ ರೇಡಿಯೋ ತರಂಗಗಳನ್ನು ಗ್ರಹಿಸುವ ವೀಕ್ಷಣಾಲಯವೇ ತಾಲ್ಲೂಕಿನಲ್ಲಿದೆ.

ಈಗ ಆಕ್ಷೇಪಗಳಿಗೆ ಬರೋಣ. ಮಕ್ಕಳು ಫೋನಿಗೆ ಅಂಟಿಕೊಂಡು ಕೆಡುತ್ತಿರುವಾಗ ಶಾಲೆಯೇ ಆಟವನ್ನು ಕಲಿಸುವುದೇ ಎಂದು ಕೇಳುವವರುಂಟು. ಅವರ ಭಯವು ನಿರಾಧಾರವಲ್ಲ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳಿಂದ ಮನೆಗಳು ಹಾಳಾಗುವುವೆಂಬ ಕಾರಣದಿಂದಲೇ ಸಂಸತ್ತು 2025ರ ಆಗಸ್ಟ್ ತಿಂಗಳಲ್ಲಿ ಅವುಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಆದರೆ ಜೂಜಿಗೂ ಒಗಟಿಗೂ ಇರುವ ಅಂತರವನ್ನು ಅರಿಯದೆ ಎರಡನ್ನೂ ಒಂದೇ ಕೋಲಿನಿಂದ ಹೊಡೆಯಬಾರದು. ಅಲ್ಲದೆ, ಬಿಡಲಾರದಂತೆ ಮಾಡುವ ಆಟಗಳ ಒಳಗುಟ್ಟನ್ನು ತಿಳಿಯಲು ಆಟವನ್ನು ಕಟ್ಟಿನೋಡುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಎಲ್ಲಿ ಬಹುಮಾನವಿಡಬೇಕು, ಎಲ್ಲಿ ತಡೆಯಬೇಕು ಎಂಬುದನ್ನು ತಾನೇ ಗೊತ್ತುಮಾಡಿದವಳು ಇತರರು ತನಗಾಗಿ ಒಡ್ಡಿದ ಬಲೆಯನ್ನೂ ಗುರುತಿಸುವಳು.

ಪರೀಕ್ಷೆಗೆ ಅಡ್ಡಿಯಾಗದೇ ಎಂಬುದು ಎರಡನೆಯ ಆಕ್ಷೇಪ. ಅದಕ್ಕಾಗಿಯೇ ಹತ್ತನೆಯ ತರಗತಿಯನ್ನು ನಾವು ಬಿಟ್ಟಿರುವೆವು. ವಾರಕ್ಕೆ ಒಂದು ಗಂಟೆಯಂತೆ ಒಂದು ಅವಧಿಯಲ್ಲಿ ಸಣ್ಣ ಆಟವು ಮುಗಿಯುವುದು. ಅದರಲ್ಲಿ ಕನ್ನಡ ಪ್ರಬಂಧವೂ, ಚಿತ್ರಕಲೆಯೂ, ಗಣಿತವೂ ಸೇರಿರುವುದರಿಂದ ಕಾಲವು ವ್ಯರ್ಥವಾಯಿತೆಂದು ಯಾವ ವಿಷಯದ ಉಪಾಧ್ಯಾಯಿನಿಯೂ ದೂರಲಾರಳು.

ಮೂರನೆಯ ಆಕ್ಷೇಪವನ್ನು ಬಾಯಿಬಿಟ್ಟು ಹೇಳುವವರು ಕಡಿಮೆ, ಮನಸ್ಸಿನಲ್ಲಿಟ್ಟುಕೊಂಡವರು ಹೆಚ್ಚು: ಇದು ಗಂಡುಮಕ್ಕಳ ಕೆಲಸ. ಮನೆಯಲ್ಲಿ ಒಂದೇ ಫೋನಿದ್ದರೆ ಅದು ಮಗನ ಕೈಯಲ್ಲಿರುವುದು. ಮಗಳು ಕೇಳಿದರೆ ನಿನಗೇತಕ್ಕೆಂಬ ಮಾತು ಬರುವುದು. ನಾವು ಇದನ್ನು ಒಪ್ಪಲಾರೆವು. ಅಡಿಗೆಮನೆಯ ಮೇಜಿನ ಸಂಗತಿಯನ್ನು ಮೇಲೆ ಹೇಳಿರುವೆವು. ಭಾರತದ ಮೊದಲ ಆಟ ತಯಾರಿಕೆಯ ಸಂಸ್ಥೆಗಳಲ್ಲೊಂದಾದ ಧ್ರುವ ಇಂಟರಾಕ್ಟಿವ್ 1997ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ಈ ಉದ್ಯಮಕ್ಕಾಗಿ ಕರ್ನಾಟಕ ಸರಕಾರವು 2012ರಲ್ಲೇ ಒಂದು ನೀತಿಯನ್ನು ಪ್ರಕಟಿಸಿತು. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಸುಮಾರು 60 ಕಿಲೋಮೀಟರು. ಆ ದಾರಿಯಲ್ಲಿ ನಮ್ಮ ಹೆಣ್ಣುಮಕ್ಕಳು ಬರೀ ಕೊಳ್ಳುವವರಾಗಿ ಹೋಗಬೇಕೆ, ಕಟ್ಟಬಲ್ಲವರಾಗಿ ಹೋಗಬೇಕೆ ಎಂಬುದು ನಿಜವಾದ ಪ್ರಶ್ನೆ. ಹಾಗೆಂದು ಪ್ರತಿಯೊಬ್ಬಳೂ ಆ ಉದ್ಯೋಗಕ್ಕೇ ಹೋಗಲೆಂದು ನಾವು ಬಯಸುವುದಿಲ್ಲ. ಹೊಲಿಗೆ ಕಲಿತವರೆಲ್ಲರೂ ದರ್ಜಿಗಳಾಗಲಿಲ್ಲ; ಆದರೆ ಅಂಗಡಿಯ ಬಟ್ಟೆಯ ಹೊಲಿಗೆಯನ್ನು ತಿರುಗಿಸಿ ನೋಡುವ ಕಣ್ಣು ಅವರಿಗೆ ಬಂದಿತು.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿ, ಭೌತವಿಜ್ಞಾನದ ಅಧ್ಯಾಪಕರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳೂ ಆದ ಎಚ್. ನರಸಿಂಹಯ್ಯನವರು, ಪವಾಡಗಳನ್ನು ಪರೀಕ್ಷಿಸಲು 1976ರಲ್ಲಿ ಒಂದು ಸಮಿತಿಯನ್ನೇ ರಚಿಸಿದರು. ಕೇಳಿದುದನ್ನು ಪ್ರಶ್ನಿಸದೆ ಒಪ್ಪಬಾರದೆಂಬುದು ಅವರ ಜೀವನದ ಬೋಧೆ. ಮೂರು ಬುಟ್ಟಿಗಳ ಮುಂದೆ ನಿಂತು, ಚೀಟಿಯಲ್ಲಿರುವುದೆಲ್ಲ ನಿಜವಾಗಬೇಕಾಗಿಲ್ಲವೆಂದು ತಿಳಿಯುವ ಬಾಲಿಕೆಯು ಆ ದಾರಿಯಲ್ಲೇ ಮೊದಲ ಹೆಜ್ಜೆಯನ್ನಿಡುತ್ತಾಳೆ. ಹೆಣ್ಣುಮಕ್ಕಳ ಮೇಲೆ ಲೋಕವು ಅಂಟಿಸುವ ಚೀಟಿಗಳೇನು ಕಡಿಮೆಯೆ?

ಪೂರ್ವ ವಿದ್ಯಾರ್ಥಿನಿಯರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ನಿಮ್ಮಲ್ಲಿ ಹಲವರು ಬೆಂಗಳೂರಿನ ಕಚೇರಿಗಳಲ್ಲಿ ಕಂಪ್ಯೂಟರಿನ ಮುಂದೆಯೇ ದಿನ ಕಳೆಯುವಿರಿ. ತಿಂಗಳಿಗೊಂದು ಶನಿವಾರ ಬಂದು ಈ ಮಕ್ಕಳ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಬಳಸದೆ ಬಿಟ್ಟ ಯಂತ್ರವೊಂದಿದ್ದರೆ ಶಾಲೆಗೆ ಕೊಡಿರಿ. ತಂದೆತಾಯಿಗಳಲ್ಲಿ ಕೇಳಿಕೊಳ್ಳುವುದು ಇನ್ನೂ ಸ್ವಲ್ಪ. ಮಗಳಿಗೆ ವಾರದಲ್ಲೊಂದು ಗಂಟೆ ಯಾರೂ ಕಸಿದುಕೊಳ್ಳದಂತೆ ಫೋನನ್ನೋ ಕಂಪ್ಯೂಟರನ್ನೋ ಬಿಟ್ಟುಕೊಡಿರಿ. ಅವಳ ಆಟ ಸಿದ್ಧವಾದ ದಿನ ಮನೆಯವರೆಲ್ಲ ಕುಳಿತು ಆಡಿರಿ; ಅಜ್ಜಿಯನ್ನೂ ಕೂರಿಸಿರಿ. ಅಜ್ಜಿಯು ಬೀಗದ ಮುಂದೆ ತಡವರಿಸುವಾಗ ಮಗಳು ಉತ್ತರ ಹೇಳಿಕೊಡದೆ ಸುಮ್ಮನೆ ನೋಡಲಿ, ತಡವರಿಸಿದ ಜಾಗವನ್ನು ಬರೆದುಕೊಳ್ಳಲಿ, ಮರುದಿನ ಅಲ್ಲೊಂದು ಸುಳಿವನ್ನಿಡಲಿ. ಈ ಬಾಲಿಕೆಯರು ಕಟ್ಟಿದ ಬಾಗಿಲುಗಳನ್ನು ಮುಂದಿನ ಸಂಚಿಕೆಯ ವೇಳೆಗೆ ತೆರೆದು ನೋಡುವ ಸಂತೋಷವು ನಮ್ಮ ವಾಚಕರಿಗೆ ದೊರೆಯಲೆಂದು ಹಾರೈಸುವೆವು.